ಬಸ್ರಾದಲ್ಲಿ ತೀರಿಕೊಂಡ ನಮ್ಮ ಅಜ್ಜ: ಸಮಾಧಿ ಹುಡುಕುವುದು ಹೇಗೆ?

ಡೊಂಬಿವಲಿ_ಹುಕ್ಕೇರಿ

ಮುಂಬೈ, ಪುಣೆ ಕಡೆಯ ಕನ್ನಡಿಗರಲ್ಲಿ ಫೌಜಿ ಮನೆತನದವರು ಜಾಸ್ತಿ ಇದ್ದೀರಿ ಅಂತ ಇಲ್ಲಿ ಕೇಳುತ್ತಿದ್ದೇನೆ. ನನ್ನ ಮುತ್ತಜ್ಜನ ಅಣ್ಣ ಮೊದಲ ಮಹಾಯುದ್ಧಕ್ಕೆ ಹೋದವರು ತಿರುಗಿ ಬರಲಿಲ್ಲ. ನಮ್ಮ ಊರು ಹುಕ್ಕೇರಿ ತಾಲೂಕಿನಲ್ಲಿದೆ. ಮನೆಯಲ್ಲಿ ಅವರಿಗೆ ಬಸರಾ ಅಜ್ಜ ಅಂತಲೇ ಹೆಸರು, ಬಸರಾ ಅಂದರೆ ಇರಾಕಿನ ಬಸ್ರಾ. ಹಿರಿಯರು ಹೇಳುವುದು ಇಷ್ಟೇ: ಬಸರಾ ಲಡಾಯಿಗೆ ಹೋದ, ಅಲ್ಲಿ ಕುದುರೆ ಮಾಂಸ ತಿನ್ನು ಅಂದರು, ಇವ ಒಲ್ಲೆ ಅಂದ, ಹಸಿದೇ ಸತ್ತ.

ಊರಿನ ಮನೆಯಲ್ಲಿ ಒಂದು ಕಂಚಿನ ಬಿಲ್ಲೆ ಇದೆ. ಅಂಗೈಗಿಂತ ಅಗಲ, ಒಳ್ಳೆ ಭಾರ. ತ್ರಿಶೂಲ ಹಿಡಿದ ಹೆಂಗಸು, ಪಕ್ಕದಲ್ಲಿ ಸಿಂಹ. ಅಜ್ಜಿ ಅದನ್ನು ದುರ್ಗವ್ವ ಅಂತ ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚುತ್ತಿದ್ದರು. ದಸರೆಗೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ದೇವಿಯ ಮೂಗು ಕಣ್ಣು ಸವೆದೇ ಹೋಗಿವೆ. ಒಂದು ಚೌಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಅಜ್ಜನ ಹೆಸರಿದೆ. ಅಷ್ಟೇ. ಪಲ್ಟನ್ ಯಾವುದು, ನಂಬರ್ ಏನು, ಒಂದೂ ಇಲ್ಲ. ಹೆಸರನ್ನು ಇಲ್ಲಿ ಹಾಕಬೇಡ ಅಂತ ಮನೆಯವರು ಹೇಳಿದ್ದಾರೆ, ಕ್ಷಮಿಸಿ.

ಪುಣೆಯಲ್ಲಿರುವ ಕಾಕಾನ ಮಗ ಖಡಕಿಯ ಯುದ್ಧ ಸ್ಮಶಾನಕ್ಕೆ ಹೋಗಿ ಸಾಲು ಸಾಲು ಕಲ್ಲು ನೋಡಿ ಬಂದ. ಸಿಗಲಿಲ್ಲ. ಒಂದು ಸರ್ಕಾರಿ ಕಚೇರಿಗೆ ಅರ್ಜಿ ಹಾಕಿದೆವು, ಉತ್ತರವೇ ಇಲ್ಲ. ನಮ್ಮ ತಂದೆಗೆ ಎಂಬತ್ತು ದಾಟಿದೆ. ಸಮಾಧಿ ಇದ್ದಲ್ಲಿಗೆ ಯಾರಾದರೂ ಹೋಗಿ ಒಂದು ಹಿಡಿ ಮಣ್ಣು ತರಲಿ ಅಂತ ಅವರ ಆಸೆ. ಎಲ್ಲಿಂದ ಶುರು ಮಾಡಲಿ?

ಮಾಟುಂಗಾ_ಟೀಚರ್

ನಿಮ್ಮ ದುರ್ಗವ್ವ ಬ್ರಿಟಾನಿಯಾ, ಅಂದರೆ ಬ್ರಿಟನ್ ದೇಶವನ್ನೇ ಹೆಣ್ಣಿನ ರೂಪದಲ್ಲಿ ತೋರಿಸುವ ಚಿತ್ರ! ಬೇಜಾರಾಗಬೇಡಿ, ಪೂಜೆ ನಿಲ್ಲಿಸಬೇಕಾಗಿಯೂ ಇಲ್ಲ.

ಯುದ್ಧದಲ್ಲಿ ಸತ್ತವರ ಮನೆಗೆ ಬ್ರಿಟಿಷ್ ಸರ್ಕಾರ ಕಳಿಸಿದ ಸ್ಮರಣೆಯ ಬಿಲ್ಲೆ ಅದು. ಸುಮಾರು 12 ಸೆಂಟಿಮೀಟರ್ ಅಗಲ. ಇಂಥವನ್ನು 13 ಲಕ್ಷಕ್ಕೂ ಹೆಚ್ಚು ಎರಕ ಹೊಯ್ದರು. ಸತ್ತ ಮೇಲೆ ದೊಡ್ಡವ ಸಣ್ಣವ ಅನ್ನುವ ಭೇದ ಬೇಡ ಅಂತ ಅದರಲ್ಲಿ ಹುದ್ದೆ ಹಾಕುತ್ತಿರಲಿಲ್ಲ. ವಿಚಾರ ಒಳ್ಳೆಯದೇ, ಆದರೆ ನೂರು ವರ್ಷದ ಮೇಲೆ ಹುಡುಕುವ ನಮ್ಮಂಥವರಿಗೆ ಅದೇ ತಲೆನೋವು. ಬಿಲ್ಲೆಯ ಜೊತೆ ಒಂದು ಕಾಗದವೂ ಬರುತ್ತಿತ್ತು. ಅದರಲ್ಲಿ ಹುದ್ದೆ, ಪಲ್ಟನ್ ಇರುತ್ತಿದ್ದವು. ಸಿಕ್ಕರೆ ಅದೃಷ್ಟ. ಸಾಮಾನ್ಯವಾಗಿ ಗೆದ್ದಲು ತಿಂದಿರುತ್ತದೆ.

ನೀವು ನೋಡಬೇಕಾದದ್ದು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಪಟ್ಟಿ. 1917ರಲ್ಲಿ ಶುರುವಾದ ಸಂಸ್ಥೆ. ಎರಡೂ ಮಹಾಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಜನರ ನೆನಪಿನ ಹೊಣೆ ಅವರದ್ದು. ಅವರ ಜಾಲತಾಣದಲ್ಲಿ ಹುಡುಕಲು ದುಡ್ಡು ಬೇಡ, ಯಾರ ಶಿಫಾರಸೂ ಬೇಡ.

ಖಡಕಿಯಲ್ಲಿ ಸಿಗದಿದ್ದದ್ದು ಸಹಜ. ಅಲ್ಲಿರುವ ಸಮಾಧಿಗಳು ಎರಡನೇ ಯುದ್ಧದವು. ಅಲ್ಲೇ ಇರುವ 1914-18ರ ಸ್ಮಾರಕ ಭಾರತದೊಳಗೆ ಸತ್ತು ಬೇರೆ ಬೇರೆ ಊರುಗಳಲ್ಲಿ ಹೂಳಿಸಿಕೊಂಡವರದ್ದು. ನಿಮ್ಮ ಅಜ್ಜ ಹೊರಗೆ ಹೋದವರು.

ಖಡಕಿ_ಸುಬೇದಾರ

ನಾನು ನಿವೃತ್ತ ಫೌಜಿ, ಮೂಲ ಬೆಳಗಾವಿ, ಈಗ ಪುಣೆಯಲ್ಲೇ ಇದ್ದೇನೆ. ತಮ್ಮಾ, ನಿಮ್ಮ ಮನೆಯವರು ನಿಮಗೆ ಬಹಳ ದೊಡ್ಡ ಸುಳಿವು ಕೊಟ್ಟಿದ್ದಾರೆ, ನೀವು ಅದನ್ನು ಸುಮ್ನೆ ಕತೆ ಅಂತ ಬಿಟ್ಟಿದ್ದೀರಿ.

ಕುದುರೆ ಮಾಂಸದ ಮಾತು ಬಂತು ಅಂದರೆ ಅದು ಕುತ್. ಈಗಿನ ಇರಾಕಿನಲ್ಲಿ ಟೈಗ್ರಿಸ್ ನದಿಯ ದಂಡೆಯ ಊರು. 1915ರ ಡಿಸೆಂಬರ್‌ನಲ್ಲಿ ತುರ್ಕರು ಅಲ್ಲಿ ನಮ್ಮವರನ್ನು ಸುತ್ತುವರಿದರು. ಐದು ತಿಂಗಳ ಹತ್ತಿರ ಮುತ್ತಿಗೆ. ಕಾಳು ಮುಗಿಯಿತು, ಕುದುರೆ, ಹೇಸರಗತ್ತೆ ಕೊಯ್ಯಲು ಶುರು ಮಾಡಿದರು. ಭಾರತೀಯ ಸಿಪಾಯಿಗಳಲ್ಲಿ ಬಹಳ ಜನ ಮುಟ್ಟಲಿಲ್ಲ. ಊರಲ್ಲಿ ಜಾತಿಯವರು ಏನು ಅಂದಾರೋ ಅನ್ನುವ ಹೆದರಿಕೆ ಇತ್ತು. ತಿನ್ನಬಹುದು ಅಂತ ಧರ್ಮಗುರುಗಳಿಂದ ಮಾತು ತರಿಸಿದರೂ ಎಷ್ಟೋ ಜನ ಕೇಳಲಿಲ್ಲ. 1916ರ ಏಪ್ರಿಲ್ 29ಕ್ಕೆ ಶರಣಾದರು. ಸುಮಾರು 13,000 ಜನ ಸೆರೆ ಸಿಕ್ಕರು. ಅವರನ್ನು ಮರುಭೂಮಿಯಲ್ಲಿ ನಡೆಸಿಕೊಂಡು ಹೋದರು. ಭಾರತೀಯರಲ್ಲಿ ಬಹಳ ಜನರನ್ನು ಈಗಿನ ಸಿರಿಯಾದ ರಾಸ್ ಅಲ್ ಐನ್ ಕಡೆ ರೈಲು ಹಾದಿಯ ಕೆಲಸಕ್ಕೆ ಹಚ್ಚಿದರು. ಅಲ್ಲಿ ಸತ್ತವರಿಗೆ ಲೆಕ್ಕ ಇಟ್ಟವರು ಯಾರು?

ಇನ್ನೊಂದು. ಕುತ್‌ನಲ್ಲಿ ಸಿಕ್ಕಿಬಿದ್ದ ಡಿವಿಜನ್ನಿನ ಹೆಸರೇ ಪೂನಾ ಡಿವಿಜನ್. ಅದರಲ್ಲಿ ಮರಾಠಾ ಪಲ್ಟನ್ ಮೂರು: 103, 110, 117. ಬೆಳಗಾವಿ ಆಗ ಮುಂಬೈ ಇಲಾಖೆಯಲ್ಲಿತ್ತು, ನಮ್ಮ ಕಡೆಯ ಹುಡುಗರು ಈ ಪಲ್ಟನ್‌ಗಳಿಗೇ ಭರ್ತಿ ಆಗುತ್ತಿದ್ದರು. ಮೂರರಲ್ಲಿ ಯಾವುದು ಅನ್ನುವುದು ಗೊತ್ತಾಗಬೇಕು. ಬಿಲ್ಲೆ ಬಿಡಿ, ಪದಕ ಹುಡುಕಿ. ಬೆಳ್ಳಿಯ ದುಂಡು ಪದಕ ಇದ್ದೇ ಇರಬೇಕು. ಅದರ ಅಂಚಿನಲ್ಲಿ ನಂಬರ್, ಹುದ್ದೆ, ಹೆಸರು, ಪಲ್ಟನ್ ನಾಲ್ಕೂ ಒತ್ತಿರುತ್ತಾರೆ.

ಹುಣಸೆಹಣ್ಣು ಮಾತ್ರ ಇನ್ನು ಬೇಡ. ನಿಮ್ಮ ತಾಯಿಗೆ ನನ್ನ ಹೆಸರು ಹೇಳಿ.

ಡೊಂಬಿವಲಿ_ಹುಕ್ಕೇರಿ

ಸುಬೇದಾರ ಕಾಕಾ, ಓದಿ ಮೈ ಜುಮ್ಮೆಂದಿತು. ತಂದೆಗೆ ಫೋನಿನಲ್ಲಿ ಓದಿ ಹೇಳಿದೆ. ಪದಕ ಊರಿನಲ್ಲಿ ಇಲ್ಲ. ಬೆಳ್ಳಿ ಅಂತ ಯಾವಾಗಲೋ ಕರಗಿಸಿ ಕಾಲುಂಗುರ ಮಾಡಿಸಿರಬೇಕು ಅಂತ ಒಬ್ಬರು, ಹಡಪಸರಿನ ಸೋದರತ್ತೆಯ ಮನೆಗೆ ಹೋಗಿದೆ ಅಂತ ಇನ್ನೊಬ್ಬರು. ಅತ್ತೆಗೆ ಕೇಳುತ್ತೇನೆ.

ಅಂಧೇರಿ_ನಿಷ್ಠುರ

ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡಿ. ಬ್ರಿಟಿಷ್ ರಾಜನ ಪಗಾರಕ್ಕೆ, ಯಾರದೋ ದೇಶದಲ್ಲಿ, ಯಾರದೋ ಎಣ್ಣೆಬಾವಿ ಕಾಯಲು ಹೋಗಿ ಸತ್ತವರು. ಅದೇ ಹೊತ್ತಿಗೆ ಇಲ್ಲಿ ತಿಲಕರಂಥವರು ಸ್ವರಾಜ್ಯಕ್ಕೆ ಹೋರಾಡುತ್ತಿದ್ದರು. ಬ್ರಿಟಾನಿಯಾ ಬಿಲ್ಲೆಗೆ ಕುಂಕುಮ ಹಚ್ಚಿ ಹೆಮ್ಮೆ ಪಡುವುದು ನನಗಂತೂ ಸರಿ ಕಾಣುವುದಿಲ್ಲ.

ಖಡಕಿ_ಸುಬೇದಾರ

ಸಾಹೇಬರೆ, ಆಗ ಸಿಪಾಯಿಯ ಪಗಾರ ತಿಂಗಳಿಗೆ 11 ರೂಪಾಯಿ. ಹುಕ್ಕೇರಿ ಕಡೆ ಮಳೆ ಕೈಕೊಟ್ಟ ವರ್ಷ ಆ 11 ರೂಪಾಯಿ ಏನು ಅಂತ ನಿಮಗೆ ಗೊತ್ತಿದ್ದರೆ ಹೀಗೆ ಬರೆಯುತ್ತಿರಲಿಲ್ಲ. ಮತ್ತೆ ತಿಲಕರು ಕೂಡ ಸೈನ್ಯಕ್ಕೆ ಸೇರಬೇಡಿ ಅಂತ ಹೇಳಲಿಲ್ಲ. ಅವರ ಲೆಕ್ಕಾಚಾರ ಬೇರೆ ಇತ್ತು, ಇರಲಿ. ಈ ಹುಡುಗ ಹೆಮ್ಮೆ ಪಡುತ್ತೇನೆ ಅಂದಿಲ್ಲ. ಅಜ್ಜ ಎಲ್ಲಿ ಅಂತ ಕೇಳಿದ್ದಾನೆ.

ಅಂಧೇರಿ_ನಿಷ್ಠುರ

ಹುಡುಕಬೇಡಿ ಅಂತ ನಾನೂ ಹೇಳಿಲ್ಲ. ಹುಡುಕಲಿ. ಯಾರಿಗಾಗಿ ಸತ್ತರು ಅನ್ನುವುದನ್ನೂ ಮೊಮ್ಮಕ್ಕಳಿಗೆ ಹೇಳಲಿ ಅಂದೆ.

ವಾಸ್ಕೋ_ಕುಂದಾಪುರ

ನಮ್ಮದು ಸ್ವಲ್ಪ ಬೇರೆ ಕೇಸು ಮಾರಾಯ್ರೆ. ನನ್ನ ಅಮ್ಮನ ಅಜ್ಜ ಮುಂಬೈಯಿಂದ ಹಡಗಿನಲ್ಲಿ ಬಂಡಾರಿ, ಅಂದರೆ ಅಡುಗೆಯವ ಆಗಿ ಹೋಗಿದ್ದರಂತೆ, ಎರಡನೇ ಯುದ್ಧದಲ್ಲಿ ಹಡಗು ಮುಳುಗಿತು. ಇಲ್ಲಿ ಗೋವಾದಲ್ಲಿ ನಮ್ಮ ಬೀದಿಯಲ್ಲೇ ಅಂಥ ಮನೆ ಎರಡು ಮೂರಿವೆ, ಕ್ರಿಶ್ಚಿಯನ್ನರದ್ದು. ಸಮುದ್ರದಲ್ಲಿ ಹೋದವರಿಗೆ ಸಮಾಧಿ ಎಲ್ಲಿಂದ ಬರಬೇಕು? ಅವರನ್ನು ಸೈನಿಕ ಅಂತ ಲೆಕ್ಕ ಹಿಡಿಯುತ್ತಾರಾ?

ಮಾಟುಂಗಾ_ಟೀಚರ್

ಹಿಡಿಯುತ್ತಾರೆ. ವ್ಯಾಪಾರಿ ಹಡಗಿನ ಖಲಾಸಿ, ಬಂಡಾರಿ, ಬೆಂಕಿ ಹಾಕುವವರು, ಎಲ್ಲರ ಹೆಸರೂ ಅದೇ ಕಮಿಷನ್ನಿನ ಪಟ್ಟಿಯಲ್ಲಿ ಬರುತ್ತದೆ, ಯುದ್ಧದ ಕಾರಣಕ್ಕೆ ಸತ್ತಿದ್ದರೆ. ಅವರ ಸ್ಮಾರಕ ನಮ್ಮ ಮುಂಬೈಯಲ್ಲೇ ಇದೆ, ಮಸ್ಜಿದ್ ಬಂದರ್ ಹತ್ತಿರದ ಇಂಡಿಯನ್ ಸೇಲರ್ಸ್ ಹೋಮ್‌ನಲ್ಲಿ. ದಿನಾ ಹಾರ್ಬರ್ ಲೈನಿನಲ್ಲಿ ಓಡಾಡುವವರಿಗೂ ಗೊತ್ತಿರುವುದಿಲ್ಲ. ಎರಡನೇ ಯುದ್ಧದ ನಾವಿಕರ ಹೆಸರಿನ ಪುಸ್ತಕ ಒಂದು ಇಲ್ಲಿ, ಇನ್ನೊಂದು ಚಿತ್ತಗಾಂಗ್‌ನಲ್ಲಿ. ನೀವು ಹುಡುಕುವಾಗ ಪಲ್ಟನ್ ಬದಲು ಹಡಗಿನ ಹೆಸರು ಬೇಕು. ಅಮ್ಮನ ಕಡೆಯವರಿಗೆ ಹಡಗಿನ ಹೆಸರು ಸ್ವಲ್ಪವಾದರೂ ನೆನಪಿದೆಯಾ ಕೇಳಿ. ಬೇರೆ ಚರ್ಚೆ ತೆರೆದರೆ ಒಳ್ಳೆಯದು, ಇದು ಹುಕ್ಕೇರಿಯವರದ್ದು.

ಡೊಂಬಿವಲಿ_ಹುಕ್ಕೇರಿ

ಸಿಕ್ಕಿತು! ಪದಕ ಅತ್ತೆಯ ಮನೆಯಲ್ಲೇ ಇತ್ತು. ಮೇಲೆ ಒಂದು ಕೊಂಡಿ ಬೆಸೆದು, ಕರಿದಾರ ಹಾಕಿ, ಮನೆಯಲ್ಲಿ ಹುಟ್ಟಿದ ಪ್ರತಿ ಕೂಸಿನ ಕೊರಳಿಗೂ ಕಟ್ಟುತ್ತಿದ್ದರಂತೆ, ದೃಷ್ಟಿ ಆಗದಿರಲಿ ಅಂತ. ಆ ಕೊಂಡಿಯಿಂದಾಗಿಯೇ ಕರಗಿಸದೆ ಉಳಿದಿದೆ. ಒಂದು ಬದಿ ರಾಜನ ಮುಖ, ಇನ್ನೊಂದು ಬದಿ ಕುದುರೆ ಮೇಲೆ ಬೆತ್ತಲೆ ಸವಾರ.

ಅಂಚು ಮೊದಲು ಬರೀ ಕಪ್ಪು ಗೆರೆಯ ಹಾಗೆ ಕಂಡಿತು. ಅತ್ತೆಯೇ ಉಪಾಯ ಮಾಡಿದರು. ವಿಭೂತಿ ಗಟ್ಟಿಯನ್ನು ಅಂಚಿಗೆ ಸವರಿ ಮೆತ್ತನೆ ಬಟ್ಟೆಯಲ್ಲಿ ಒರೆಸಿದರು. ಒತ್ತಿದ ಅಕ್ಷರದೊಳಗೆ ಮಾತ್ರ ಬಿಳಿ ಉಳಿಯಿತು. ಟಾರ್ಚ್ ಓರೆ ಹಿಡಿದು ಒಂದೊಂದೇ ಓದಿದೆವು. ನಾಲ್ಕು ಅಂಕೆಯ ನಂಬರ್, ಸಿಪಾಯಿ, ಅಜ್ಜನ ಹೆಸರು, ಆಮೇಲೆ 110 ಮರಾಠಾ. ಕೊಂಡಿ ಬೆಸೆದ ಜಾಗದಲ್ಲಿ ನಂಬರಿನ ಒಂದು ಅಂಕೆ ಅರ್ಧ ಮುಚ್ಚಿದೆ, 3 ಇರಬೇಕು ಅಥವಾ 8.

ಖಡಕಿ_ಸುಬೇದಾರ

ಶಾಬ್ಬಾಸ್! ಅತ್ತೆಯವರಿಗೆ ನನ್ನ ಸಲಾಂ.

110ನೇ ಪಲ್ಟನ್ ಕುತ್‌ನಲ್ಲಿತ್ತು. 1922ರಲ್ಲಿ ಸೈನ್ಯ ಹೊಸದಾಗಿ ಜೋಡಿಸಿದಾಗ ಅದು ಮರಾಠಾ ಪಡೆಯ ಮೂರನೇ ಬಟಾಲಿಯನ್ ಆಯಿತು. ಸ್ವಾತಂತ್ರ್ಯದ ನಂತರ ಅದೇ ಪಲ್ಟನ್ 2 ಪ್ಯಾರಾ, ಅಂದರೆ ಪ್ಯಾರಾಶೂಟ್ ರೆಜಿಮೆಂಟಿನ ಎರಡನೇ ಬಟಾಲಿಯನ್. ಹಳೆಯ ನಂಬರ್ ಹಿಡಿದು ಈಗಿನ ಕಚೇರಿಗೆ ಹೋದರೆ ಬಾಬು ತಲೆ ಅಲ್ಲಾಡಿಸುತ್ತಾನೆ, ಅದಕ್ಕೇ ಈ ವಂಶಾವಳಿ ಹೇಳಿದೆ. ಅರ್ಜಿಯಲ್ಲಿ ಮೂರೂ ಹೆಸರು ಬರೆಯಿರಿ.

ಮಾಟುಂಗಾ_ಟೀಚರ್

ಈಗ ಪಟ್ಟಿಯಲ್ಲಿ ಹುಡುಕುವ ರೀತಿ. ಅಜ್ಜನ ಪೂರ್ತಿ ಹೆಸರು ಹಾಕಿ ಸಿಗಲಿಲ್ಲ ಅಂತ ಕೈಬಿಡುವವರೇ ಜಾಸ್ತಿ.

ಸಿಪಾಯಿಗಳ ಹೆಸರು ಅಲ್ಲಿ ಸಾಮಾನ್ಯವಾಗಿ ಅಡ್ಡಹೆಸರಿನ ಜಾಗದಲ್ಲೇ ಇರುತ್ತದೆ, ಮೊದಲ ಹೆಸರಿನ ಜಾಗ ಖಾಲಿ. ಹಾಗಾಗಿ ಎಲ್ಲವನ್ನೂ ಅಡ್ಡಹೆಸರಿನಲ್ಲಿ ಹಾಕಿ. ಸೇನೆ ಅಂತ ಕೇಳುವಲ್ಲಿ ಭಾರತ ಆರಿಸಿ, ಯಾವ ಯುದ್ಧ ಅನ್ನುವುದನ್ನೂ ಆರಿಸಿ. ಆಗಿನ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದಿದ್ದಾನೆ. ಒಂದೇ ಹೆಸರಿಗೆ ಐದಾರು ಸ್ಪೆಲಿಂಗ್ ಇರಬಹುದು. ನಂಬರ್ ಗೊತ್ತಿದ್ದರೆ ಹೆಸರು ಬಿಟ್ಟು ಬರೀ ನಂಬರ್ ಹಾಕಿ ನೋಡಿ. 3 ಹಾಕಿ ಒಮ್ಮೆ, 8 ಹಾಕಿ ಒಮ್ಮೆ.

ಹೆಚ್ಚಿನ ವಿವರ ಅನ್ನುವ ಇನ್ನೊಂದು ಜಾಗ ಇದೆ. ತಂದೆಯ ಹೆಸರು, ಊರು, ತಾಲೂಕು, ಜಿಲ್ಲೆ ಅಲ್ಲಿ ಬರುತ್ತವೆ, ಇದ್ದರೆ. ಅಲ್ಲಿ ಬೆಳಗಾವಿಯನ್ನು ಹಳೆಯ ಇಂಗ್ಲಿಷ್ ರೀತಿಯಲ್ಲಿ ಬೆಲ್ಗಾಂ ಅಂತಲೇ ಹಾಕಬೇಕು. ನನ್ನ ಅನುಭವದಲ್ಲಿ ಹೆಸರಿಗಿಂತ ಊರು ಹಿಡಿದು ಹೋದರೆ ಬೇಗ ಮುಟ್ಟುತ್ತೇವೆ.

ಡೊಂಬಿವಲಿ_ಹುಕ್ಕೇರಿ

ಒಂದೇ ಹೆಸರಿನವರು ಅದೇ 110ರಲ್ಲಿ ಇಬ್ಬರು ಬಂದರು. ಒಬ್ಬರ ಊರು ರತ್ನಾಗಿರಿ ಜಿಲ್ಲೆ. ಇನ್ನೊಬ್ಬರದು ಹುಕ್ಕೇರಿ ಅಂತಲೇ ಇದೆ, ಸ್ಪೆಲಿಂಗ್ ಮಾತ್ರ ವಿಚಿತ್ರ. ನಂಬರ್ 8 ಹಾಕಿದಾಗ ಸರಿಯಾಗಿ ಕೂತಿತು. ತಂದೆಯ ಹೆಸರೂ ನಮ್ಮ ವಂಶದಲ್ಲಿ ಹೇಳುವುದೇ. ಸತ್ತದ್ದು 1916ರ ಕೊನೆಯ ತಿಂಗಳುಗಳಲ್ಲಿ, ಅಂದರೆ ಶರಣಾದ ಮೇಲೆ, ಸೆರೆಯಲ್ಲಿ.

ಸ್ಥಳದ ಜಾಗದಲ್ಲಿ ಬಸ್ರಾ ಮೆಮೋರಿಯಲ್ ಅಂತಿದೆ. ಸಮಾಧಿ ಸಂಖ್ಯೆ ಇಲ್ಲ. ಇದರ ಅರ್ಥ ಏನು? ಮತ್ತೆ ಕಾಕಾ ಒಬ್ಬರು ತಕರಾರು ತೆಗೆದಿದ್ದಾರೆ: ಅದೇ ಹೆಸರು, ಅದೇ ತಾಲೂಕು ಇದ್ದ ಮಾತ್ರಕ್ಕೆ ನಮ್ಮವನೇ ಅಂತ ಏನು ಗ್ಯಾರಂಟಿ, ಪದಕ ಬೇರೆ ಮನೆಯಿಂದ ಬಂದಿದ್ದರೆ? ನಮ್ಮ ಅತ್ತೆಯ ಗಂಡನ ಮನೆಯವರೂ ಫೌಜಿಗಳೇ, ಹಾಗಾಗಿ ಪ್ರಶ್ನೆ ತಪ್ಪಲ್ಲ.

ಪಿಂಪ್ರಿ_ಮೋಡಿ

ಕಾಕಾ ಕೇಳಿದ್ದು ಸರಿಯಾಗಿದೆ. ಸರ್ಕಾರಿ ಕಾಗದ ಬೇಕು. ಹೊಲ ಇತ್ತಾ ಅವರಿಗೆ? ಇದ್ದರೆ ಸತ್ತ ಮೇಲೆ ತಮ್ಮನ ಹೆಸರಿಗೆ ವಾರಸಾ ಆಗಿರಲೇಬೇಕು. ತಾಲೂಕು ಕಚೇರಿಯಲ್ಲಿ 1916ರಿಂದ 1925ರ ತನಕದ ಹಳೆಯ ಉತಾರ, ವಾರಸಾ ಡೈರಿಯ ನಕಲು ಕೇಳಿ. ಬೆಳಗಾವಿ ಕಡೆ ಆ ಕಾಲದ ಕಾಗದ ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿಯ ಹಳೆಯ ಕೂಡುಬರಹದಲ್ಲಿ ಇರಲೂಬಹುದು. ಹೆದರಬೇಡಿ, ಪುಣೆಯಲ್ಲಿ ಮೋಡಿ ಓದುವವರಿಗೆ ಬರವಿಲ್ಲ. ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿ ಕಲಿಸುತ್ತಾರೆ, ನಾನೂ ಕಲಿತವಳೇ. ಫೋಟೋ ತೆಗೆದು ಕಳಿಸಿ, ಓದಿಕೊಡುತ್ತೇನೆ.

ಮಾಟುಂಗಾ_ಟೀಚರ್

ಬಸ್ರಾ ಮೆಮೋರಿಯಲ್ ವಿಷಯ ನಾನು ಹೇಳುತ್ತೇನೆ. ಕೇಳಲು ಕಷ್ಟ ಆಗಬಹುದು.

ಅದು ಸಮಾಧಿ ಅಲ್ಲ. ಮೆಸೊಪಟೇಮಿಯಾದಲ್ಲಿ, ಅಂದರೆ ಈಗಿನ ಇರಾಕ್ ಕಡೆ ಸತ್ತು, ಎಲ್ಲಿ ಹೂಳಿದರು ಅಥವಾ ಸುಟ್ಟರು ಅಂತ ಗೊತ್ತಿಲ್ಲದ 40,000ಕ್ಕೂ ಹೆಚ್ಚು ಜನರ ಸ್ಮಾರಕ. 1929ರಲ್ಲಿ ಉದ್ಘಾಟನೆ ಆಯಿತು. ನಿಮ್ಮ ಅಜ್ಜನ ಹೆಸರು ಅಲ್ಲಿಯ ಗೋಡೆಯ ಮೇಲೂ ಇಲ್ಲ. ಬ್ರಿಟಿಷ್ ಸೈನಿಕರ ಹೆಸರು ಒಂದೊಂದಾಗಿ ಕೆತ್ತಿದ್ದಾರೆ, ಭಾರತೀಯ ಅಧಿಕಾರಿಗಳ ಹೆಸರೂ ಇವೆ. ಸಿಪಾಯಿಗಳದ್ದು ಪಲ್ಟನ್ ಹೆಸರಿನ ಕೆಳಗೆ ಬರೀ ಸಂಖ್ಯೆ. ಇಷ್ಟು ಜನ ಇತರ ಭಾರತೀಯ ಸೈನಿಕರು, ಅಷ್ಟೇ. ಹೆಸರುಗಳನ್ನು ಪುಸ್ತಕದಲ್ಲಿ ಬರೆದಿಟ್ಟರು, ಆ ಪುಸ್ತಕದಿಂದಲೇ ಈಗ ನಿಮಗೆ ಪಟ್ಟಿಯಲ್ಲಿ ಸಿಕ್ಕಿದ್ದು.

ಸತ್ತ ಮೇಲೆ ಎಲ್ಲರೂ ಸಮಾನರು ಅನ್ನುವುದು ಆ ಸಂಸ್ಥೆಯ ಮೂಲ ತತ್ವ. 2021ರಲ್ಲಿ ಅವರದೇ ಸಮಿತಿ ವರದಿ ಕೊಟ್ಟಿತು: ಕನಿಷ್ಠ 1,16,000 ಜನ, ಹೆಚ್ಚಿನವರು ಪೂರ್ವ ಆಫ್ರಿಕಾ ಮತ್ತು ಈಜಿಪ್ಟಿನವರು, ಹೆಸರಿಲ್ಲದೆ ಉಳಿದರು ಅಥವಾ ನೆನಪೇ ಆಗಲಿಲ್ಲ. ಇನ್ನೂ 45,000ದಿಂದ 54,000 ಜನರಿಗೆ ಸಮಾನ ಗೌರವ ಸಿಗಲಿಲ್ಲ. ಅದಕ್ಕೆ ಕ್ಷಮೆಯನ್ನೂ ಕೇಳಿದರು. ಅಂಧೇರಿಯವರ ಸಿಟ್ಟು ಇಲ್ಲಿ ಇದ್ದರೆ ನಾನೂ ಜೊತೆಗಿದ್ದೇನೆ.

ಅಂಧೇರಿ_ನಿಷ್ಠುರ

ದುಡಿಸಿಕೊಳ್ಳುವಾಗ ನಂಬರ್, ಸತ್ತ ಮೇಲೂ ನಂಬರ್. ಹುಕ್ಕೇರಿಯವರೇ, ಆ ಡೈರಿ ಬಿಡಬೇಡಿ, ತೆಗೆಸಿ. ಬೆಳಗಾವಿಯಲ್ಲಿ ನನ್ನ ಭಾವನ ಪರಿಚಯದ ವಕೀಲರಿದ್ದಾರೆ, ಬೇಕಾದರೆ ಸಂದೇಶ ಹಾಕಿ.

ಖಡಕಿ_ಸುಬೇದಾರ

ಬಸ್ರಾಕ್ಕೆ ಹೋಗುವ ಮಾತು. ಸ್ಮಾರಕ ಮೊದಲು ನದಿಯ ದಂಡೆಯಲ್ಲಿತ್ತು. 1997ರಲ್ಲಿ ಸದ್ದಾಂ ಹುಸೇನ್ ಆಜ್ಞೆಯಂತೆ ಇಡೀ ಸ್ಮಾರಕವನ್ನು ಕಿತ್ತು ನಾಸಿರಿಯಾ ರಸ್ತೆಯಲ್ಲಿ 32 ಕಿಲೋಮೀಟರ್ ದೂರ ಮರುಭೂಮಿಗೆ ಸಾಗಿಸಿದರು. ಎಂಬತ್ತು ದಾಟಿದ ತಂದೆಯನ್ನು ಅಲ್ಲಿಗೆ ಕರೆದುಕೊಂಡು ಹೋಗುವ ವಿಚಾರ ನನಗಂತೂ ಒಪ್ಪಿಗೆ ಇಲ್ಲ. ಅಲ್ಲಿಯ ಮಣ್ಣಿಗೂ ನಿಮ್ಮ ಅಜ್ಜನಿಗೂ ಸಂಬಂಧವೂ ಇಲ್ಲ. ಅವರು ಸತ್ತದ್ದು ಎಲ್ಲೋ ಉತ್ತರದಲ್ಲಿ, ರೈಲು ಹಾದಿಯ ಬದಿಗೆ ಇರಬೇಕು. ಮೊದಲು ಬೆಳಗಾವಿಯ ಮರಾಠಾ ಸೆಂಟರ್‌ಗೆ ತಂದೆಯವರನ್ನು ಕರೆದುಕೊಂಡು ಹೋಗಿ. ಊರು ಹತ್ತಿರ, ಪಲ್ಟನ್ನಿನ ಮಾತು ತಿಳಿದವರು ಸಿಗುತ್ತಾರೆ.

ಕಲ್ಯಾಣ_ಆಚಾರ್

ಇಷ್ಟು ದಿನ ಅವರಿಗೆ ಎಡೆ ಯಾವಾಗ ಇಡುತ್ತಿದ್ದಿರಿ?

ಡೊಂಬಿವಲಿ_ಹುಕ್ಕೇರಿ

ಮಹಾಲಯ ಅಮಾವಾಸ್ಯೆಗೆ, ಆಚಾರ್ರೆ. ಯಾವ ದಿನ ಹೋದರು ಅಂತ ಗೊತ್ತಿರಲಿಲ್ಲವಲ್ಲ. ಈಗ ತಾರೀಖು ಸಿಕ್ಕಿದೆ, ತಿಥಿ ತೆಗೆದು ಆ ದಿನವೇ ಮಾಡೋಣ ಅಂತ ತಂದೆ. ಅಮ್ಮ ಬೇಡ ಅನ್ನುತ್ತಾರೆ. ಮನೆಯಲ್ಲಿ ಇದೇ ವಾದ ನಡೆದಿದೆ.

ಕಲ್ಯಾಣ_ಆಚಾರ್

ಹಳೆಯ ಪಂಚಾಂಗದಿಂದ ತಿಥಿ ತೆಗೆಯುವುದು ಕಷ್ಟವಲ್ಲ. ಆದರೆ ಸೆರೆಯಲ್ಲಿ ಸತ್ತವರ ತಾರೀಖು ಎಷ್ಟೋ ಸಲ ಅಂದಾಜಿನದ್ದು, ಸುದ್ದಿ ಮುಟ್ಟಿದ ದಿನವನ್ನೇ ಬರೆದಿರಲೂಬಹುದು. ಅಂಥ ತಾರೀಖಿಗಾಗಿ ನೂರು ವರ್ಷದ ಅಮಾವಾಸ್ಯೆಯನ್ನು ಬಿಡಬೇಕಾಗಿಲ್ಲ. ಅಮ್ಮ ಹೇಳಿದ ಹಾಗೆ ಮಾಡಿ. ತಂದೆಯವರಿಗೆ ಸಮಾಧಾನ ಆಗಲಿಕ್ಕೆ ಈ ವರ್ಷ ಹೆಸರು, ಗೋತ್ರ ಹೇಳಿ ಎಳ್ಳುನೀರು ಬಿಡಿಸಿ.

ಡೊಂಬಿವಲಿ_ಹುಕ್ಕೇರಿ

ಡೈರಿ ಸಿಕ್ಕಿತು! ವಕೀಲರು ಬಹಳ ಸಹಾಯ ಮಾಡಿದರು, ಅಂಧೇರಿ ಅಣ್ಣನಿಗೆ ಧನ್ಯವಾದ. ಪಿಂಪ್ರಿ ಅಕ್ಕ ಮೋಡಿ ಓದಿಕೊಟ್ಟರು. ಅಜ್ಜನ ಹೆಸರು, ತಂದೆಯ ಹೆಸರು, ಮುಂದೆ "ಲಡಾಯಿಯಲ್ಲಿ ಮಯತ", ಅಂದರೆ ಸತ್ತ, ಹೊಲ ತಮ್ಮನಿಗೆ, ಅಂದರೆ ನನ್ನ ಮುತ್ತಜ್ಜನಿಗೆ. ಅದರ ಕೆಳಗೆ ಹೆಂಡತಿಯ ಹೆಸರು, ಅವರ ಹೊಟ್ಟೆಬಟ್ಟೆಗೆ ಎರಡು ಎಕರೆ ಬಿಟ್ಟುಕೊಟ್ಟದ್ದು. ಆ ಅಜ್ಜಿಯ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ತಕರಾರಿನ ಕಾಕಾ ಓದಿ ಸುಮ್ಮನಾದರು, ಆಮೇಲೆ ಆ ಎರಡು ಎಕರೆ ಯಾವುದು ಅಂತ ಕೇಳಿದರು!

ಮಾಟುಂಗಾ_ಟೀಚರ್

ಹೊಲದ ಜಗಳ ಬೇರೆ ಚರ್ಚೆಯಲ್ಲಿ ಮಾಡಿ. 😄 ಡೈರಿಯ ನಕಲು, ಅದರ ಇಂಗ್ಲಿಷ್ ಅನುವಾದ, ಪದಕದ ಅಂಚಿನ ಫೋಟೋ ಮೂರನ್ನೂ ಕಮಿಷನ್‌ಗೆ ಕಳಿಸಿ. ಊರಿನ ಸ್ಪೆಲಿಂಗ್ ತಿದ್ದಲು, ಹೆಂಡತಿಯ ಹೆಸರು ಸೇರಿಸಲು ಕೇಳಿ. ಪುರಾವೆ ನೋಡಿ ತೀರ್ಮಾನಿಸುತ್ತಾರೆ, ತಡ ಆಗುತ್ತದೆ. ಇಲ್ಲಿ ಓದುತ್ತಿರುವ ಬೇರೆಯವರಿಗೂ ಒಂದು ಮಾತು: ಮೊದಲ ಯುದ್ಧದ ಲೆಕ್ಕ ಅವರಿಗೆ 1921ರ ಆಗಸ್ಟ್ 31ರ ತನಕ, ಎರಡನೆಯದು 1947ರ ಡಿಸೆಂಬರ್ 31ರ ತನಕ. ಯುದ್ಧ ಮುಗಿದ ಮೇಲೆ ಸತ್ತರು ಅಂತ ಕೈಬಿಡಬೇಡಿ.

ಸಾಂಗ್ಲಿ_ಥಾಣೆ

ನಾನು ಹೊಸಬ. ನಮ್ಮ ತಾಯಿಯ ಕಾಕಾ ಎರಡನೇ ಯುದ್ಧದಲ್ಲಿ ಇಟಲಿಯಲ್ಲಿ ಹೋದರು, ಮೂರನೇ ಮರಾಠಾ. ಅವರದ್ದಾದರೂ ಸಮಾಧಿ ಇರಬಹುದಾ?

ಖಡಕಿ_ಸುಬೇದಾರ

ಹುಕ್ಕೇರಿ ಅಜ್ಜನ ಪಲ್ಟನ್ನೇ ಅದು! ಇಟಲಿಯಲ್ಲಿ 1944ರ ಜುಲೈ 10ರಂದು ವಿಕ್ಟೋರಿಯಾ ಕ್ರಾಸ್ ಗೆದ್ದು ಅಲ್ಲೇ ಮಡಿದ ನಾಯಕ್ ಯಶವಂತ ಘಾಡ್ಗೆ ಕೂಡ ಅದೇ ಬಟಾಲಿಯನ್. ಹಿಂದೂ ಸೈನಿಕರನ್ನು ಅಲ್ಲಿ ಸುಡುತ್ತಿದ್ದರು, ಹಾಗಾಗಿ ಸಮಾಧಿ ಬದಲು ದಹನ ಸ್ಮಾರಕದಲ್ಲಿ ಹೆಸರು ಇರುವುದು ಹೆಚ್ಚು. ಫೊರ್ಲಿ ಊರಿನಲ್ಲಿ ಒಂದು, ಸಾಂಗ್ರೊ ನದಿಯ ಸ್ಮಶಾನದಲ್ಲಿ ಒಂದು. ಅಲ್ಲಿ ಸಿಪಾಯಿಯ ಹೆಸರನ್ನೂ ಕೆತ್ತಿದ್ದಾರೆ. ಫೊರ್ಲಿಗೆ ಬೊಲೊನ್ಯಾದಿಂದ ರೈಲು ಇದೆ. ಪದಕ ಇದೆಯಾ? ಎರಡನೇ ಯುದ್ಧದ್ದಾದರೂ ಭಾರತೀಯರಿಗೆ ಕೊಟ್ಟದ್ದರಲ್ಲಿ ಹೆಸರು ಇರುತ್ತದೆ. ನಕ್ಷತ್ರದ ಆಕಾರದ ಸ್ಟಾರ್ ಪದಕ ಆದರೆ ಹಿಂಬದಿ ನೋಡಿ.